ಜಾಗ ಬಿಟ್ಟ ಕುರ್ಚಿ

ಢಮಾರ್!

ಅಕ್ಕನ ಮೇಜಿನ ಮೇಲಿದ್ದ ಚಹಾ ಲೋಟ ಉರುಳಿತು. ಕಿಟಕಿಯ ಗಾಜು ಗಡಗಡ ನಡುಗಿತು. ಹೊರಗೆ ಯಾರೋ ಕೂಗಿದರು — "ಭಟ್ಟಿ! ಭಟ್ಟಿ!"

ಅಕ್ಕ ಓಡಿದಳು. ಒಂದು ಕಾಲಿನ ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು. ಅದು ಗೊತ್ತಾಗಲೂ ಇಲ್ಲ.

ಭಟ್ಟಿ ಅಂದರೆ ಒಂದು ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದರ ಬಾಗಿಲಿನ ಒಂದು ರೆಕ್ಕೆ ಕೊಂಡಿ ಕಿತ್ತುಕೊಂಡು ರಪ್ಪನೆ ತೆರೆದು, ಪಕ್ಕದ ಗೋಡೆಗೆ ಬಡಿದು, ಗಾರೆ ಉದುರಿಸಿ ಅಲ್ಲೇ ಜೋತುಬಿದ್ದಿತ್ತು. ಒಳಗೆ ನೀರಿನ ತುಂತುರು ಸುಯ್ಯೆನ್ನುತ್ತಿತ್ತು. ಬಿಳಿ ಹಬೆ. ಏನೂ ಕಾಣದು.

"ತಮ್ಮಾ! ಎಲ್ಲಿದ್ದೀಯೋ?"

"ಇಲ್ಲೇ ಇದ್ದೀನಿ ಅಕ್ಕ!" ಸ್ವಿಚ್ ಪೆಟ್ಟಿಗೆಯ ಹಿಂದಿನಿಂದ ಒಂದು ಮಸಿ ಮುಖ ಎದ್ದಿತು. ಮುಂಗೈ ಕೆಂಪಗೆ ಸುಟ್ಟಿತ್ತು. "ಗ್ಯಾಸ್ ಬಂದ್ ಮಾಡ್ದೆ. ಹತ್ರ ಬರಬೇಡ!"

ತಮ್ಮ ಬದುಕಿದ್ದ. ಅಕ್ಕ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ನೆನಪಾಯಿತು. ಅಪ್ಪ! ಮಂಡಿ ನೋವಿನ ಅಪ್ಪ ಬೆಳಿಗ್ಗೆಯಿಂದ ಸಂಜೆಯವರೆಗೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂರುವುದು ಆ ಬಾಗಿಲಿನ ಎದುರಿಗೇ. ಅಪಾಯದ ಗುರುತಿಗೆ ನೆಲದ ಮೇಲೆ ಎಳೆದ ಹಳದಿ ಗೆರೆಯ ಈಚೆ ಕೂರಿ ಅಂದರೆ ಕೇಳುವ ಪೈಕಿ ಅಲ್ಲ. ಬಾಗಿಲು ಬೀಸಿ ಹೋದದ್ದು ಸರಿಯಾಗಿ ಅಪ್ಪನ ಕುರ್ಚಿ ಇರುತ್ತಿದ್ದ ಜಾಗದ ಮೇಲೆ.

ಅಲ್ಲಿ ಕುರ್ಚಿ ಇರಲಿಲ್ಲ.

ಶೆಡ್ಡಿನ ಆಚೆ ತುದಿಯಲ್ಲಿ, ಟ್ರಾಲಿಗೆ ಸಾಮಾನು ತುಂಬುವ ಜಾಗದಲ್ಲಿ, ಅಪ್ಪ ತನ್ನ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದರು. ಒಂದು ಗೀರು ಕೂಡ ಆಗಿರಲಿಲ್ಲ.

"ಆಯಸ್ಸು ಗಟ್ಟಿ ಯಜಮಾನ್ರೇ!" ಕೊಕ್ಕೆ ಚಿಕ್ಕಮ್ಮ ಎದೆ ಹಿಡಿದುಕೊಂಡು ಹೇಳಿದಳು. ಆಕೆ ಯಾರಿಗೂ ಚಿಕ್ಕಮ್ಮ ಅಲ್ಲ. ಸಾಮಾನುಗಳನ್ನು ಕೊಕ್ಕೆಗೆ ನೇತುಹಾಕುವುದು ಅವಳ ಕೆಲಸ. ಅವಳಿಗಿಂತ ಚಿಕ್ಕವಳಾದ ಒಡತಿಯನ್ನು ಅವಳೂ ಅಕ್ಕ ಅಂತಲೇ ಕರೆಯುತ್ತಿದ್ದಳು. ಆ ಶೆಡ್ಡಿನಲ್ಲಿ ಸಂಬಂಧಗಳಿಗೆ ವಯಸ್ಸಿನ ಲೆಕ್ಕವಿಲ್ಲ.

ಅಪ್ಪನ ಬಾಯಿಂದ ಬಂದ ಮೊದಲ ಮಾತು ಮಗನ ಕೈ ಸುಟ್ಟಿದೆಯೇ ಅಂತಲ್ಲ.

"ತೂತು ಕೊರೆದಿದ್ಯೇನೋ?"

"ಕೊರೆದಿದ್ದೆ ಅಪ್ಪ."

"ಎಲ್ಲಾ ಪೈಪಿಗೂ?"

"ಎಲ್ಲಾ ಪೈಪಿಗೂ! ನನ್ನ ಹುಟ್ಟೋ ಮಗು ಮೇಲಾಣೆ ಅಪ್ಪ, ಒಂದೂ ಬಿಟ್ಟಿಲ್ಲ!"

"ಹಾಗಾದ್ರೆ ಭಟ್ಟಿ ತಾನಾಗೇ ಸೀನ್ತೇನೋ?" ಅಪ್ಪ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಅವರೇ ಒಂದು ಕಾಲದಲ್ಲಿ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿದ್ದ ಸಾಲು ಇತ್ತು — ಮೊದಲು ತೂತು, ಆಮೇಲೆ ಭಟ್ಟಿ.

ಲೋಹದ ಸಾಮಾನಿಗೆ ಪುಡಿ ಬಣ್ಣ ಎರಚಿ ಬೇಯಿಸಿ ಕೂರಿಸುತ್ತಾರಲ್ಲ, ಆ ಬಣ್ಣ ಹಳತಾದ ಮೇಲೆ ಕೆರೆದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಸುಡಬೇಕು. ಹಾಗಂತ ಬೆಂಕಿಗೆ ಎಸೆಯುವ ಹಾಗಿಲ್ಲ. ಉರಿ ತಗಲದಂತೆ ನಿಧಾನವಾಗಿ ಕಾಯಿಸಬೇಕು. ಬಣ್ಣ ಹೊಗೆಯಾಗಿ ಏಳುತ್ತದೆ. ಆ ಕೆಟ್ಟ ಹೊಗೆಯನ್ನು ಮೇಲಿನ ಇನ್ನೊಂದು ಗೂಡಿನಲ್ಲಿ ಮತ್ತಷ್ಟು ಜೋರು ಉರಿಯಲ್ಲಿ ಸುಟ್ಟು, ಆಮೇಲೆ ಚಿಮಣಿಗೆ ಬಿಡಬೇಕು. ಶಾಖ ಹದ್ದು ಮೀರಿದರೆ ನೀರು ತಾನಾಗಿ ಚಿಮ್ಮುತ್ತದೆ. ಕೊನೆಗೆ ಕಬ್ಬಿಣದ ಮೇಲೆ ಉಳಿಯುವುದು ಒರೆಸಿದರೆ ಹೋಗುವ ಬೂದಿ ಮಾತ್ರ. ಎಲ್ಲಕ್ಕಿಂತ ದೊಡ್ಡ ಅಪಾಯ ಎರಡೂ ತುದಿ ಮುಚ್ಚಿದ ಪೈಪು. ಒಳಗೆ ಒಂದಿಷ್ಟು ನೀರಿದ್ದರೂ ಸಾಕು, ಕಾದು ಹಬೆಯಾಗಿ ದಾರಿ ಹುಡುಕುತ್ತದೆ. ದಾರಿ ಇಲ್ಲದಿದ್ದರೆ ಮಾಡಿಕೊಳ್ಳುತ್ತದೆ.

ಇವತ್ತು ಭಟ್ಟಿಗೆ ಹೋಗಿದ್ದದ್ದು ಮಕ್ಕಳ ಪಾರ್ಕಿನ ಜೋಕಾಲಿಗಳು. ಕೆಂಪು ಬಣ್ಣದ ಪೈಪುಗಳು, ತಗಡಿನ ಸೀಟುಗಳು. ತಮ್ಮ ಬೆಳಿಗ್ಗೆ ಬಂದವನೇ ಟ್ರಾಲಿ ತುಂಬಿಸಿ, ಚಹಾ ಕುಡಿದು ಬಂದು, ಟ್ರಾಲಿಯನ್ನು ಒಳಗೆ ದೂಡಿ ಬಾಗಿಲು ಹಾಕಿದ್ದ. ಮಧ್ಯಾಹ್ನಕ್ಕೆ ಮುಂಚೆ ಢಮಾರ್.

ಹಬೆ ಇಳಿದ ಮೇಲೆ ಅಕ್ಕ ಸುತ್ತ ನೋಡಿದಳು. ಕಾಲಿಗೆ ಏನೋ ಉರುಟಾದದ್ದು ಸಿಕ್ಕಿತು. ಬಗ್ಗಿ ಎತ್ತಿದಳು. ಮಸಿ ಮೆತ್ತಿದ ಒಂದು ಗುಂಡು. ಬಾಗಿಲಿನ ಬೇರಿಂಗಿನದ್ದು ಇರಬೇಕು ಅಂದುಕೊಂಡು, ಸೀರೆಯ ಮೇಲೆ ತೊಟ್ಟಿದ್ದ ಕೆಲಸದ ಕೋಟಿನ ಜೇಬಿಗೆ ಹಾಕಿದಳು, ಮರೆತಳು.

"ನನ್ನ ಕೊಕ್ಕೆಗೆ ಯಾರ್ರೀ ಈ ಗಾದಿ ಸಿಗಿಸಿದ್ದು?" ಆಚೆ ಚಿಕ್ಕಮ್ಮ ಯಾರನ್ನೋ ಬೈಯುತ್ತಿದ್ದಳು. "ಭಟ್ಟಿ ಹೊಡೆದೋದ್ರೂ ಇವರ ಅಧ್ವಾನ ಬಿಡಲ್ಲ!"

*

ಊಟದ ಹೊತ್ತು ದಾಟಿದ ಮೇಲೆ ವಿಮೆ ಕಂಪನಿಯಿಂದ ತನಿಖೆಗೆ ಒಬ್ಬ ಬಂದ. ಕುಳ್ಳ, ದೊಡ್ಡ ಹೊಟ್ಟೆ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಎದುರಿಗೆ ಗಂಡಸಿರಲಿ ಹೆಂಗಸಿರಲಿ, ಏನು ಹೇಳಿದರೂ "ಯಾಕಪ್ಪ?" ಅಂತ ಕೇಳುವುದು ಅವನ ಚಾಳಿ. ಅದಕ್ಕೇ ಆ ಬೀದಿಯ ಕಾರ್ಖಾನೆಗಳಲ್ಲೆಲ್ಲ ಅವನ ಹೆಸರು ಯಾಕಪ್ಪ. ಅವನಿಗೂ ಅದು ಗೊತ್ತಿತ್ತು. ಬೇಜಾರಿರಲಿಲ್ಲ.

"ನೋಡಿ ಅಕ್ಕಾವ್ರೇ, ಮೊದಲೇ ಹೇಳಿಬಿಡ್ತೀನಿ," ಅಂದ. "ಭಟ್ಟಿ ನೋಡಿಕೊಳ್ಳೋನ ಅಜಾಗರೂಕತೆ ಅಂತ ನಾನು ಬರೆದ್ರೆ, ಅವನು ಇನ್ನು ಯಾವ ಭಟ್ಟಿ ಹತ್ರಾನೂ ನಿಲ್ಲೋ ಹಾಗಿಲ್ಲ. ಇಲ್ಲೂ ಇಲ್ಲ, ಬೇರೆ ಕಡೇನೂ ಇಲ್ಲ. ಸಂಜೆಯೊಳಗೆ ನನಗೆ ಉತ್ತರ ಬೇಕು."

ತಮ್ಮನಿಗೆ ಬೇರೆ ಏನೂ ಬರುವುದಿಲ್ಲ. ಓದು ತಲೆಗೆ ಹತ್ತಲಿಲ್ಲ, ವ್ಯಾಪಾರ ಒಗ್ಗಲಿಲ್ಲ. ಈ ಭಟ್ಟಿ ಒಂದೇ ಅವನ ಮಾತು ಕೇಳುತ್ತದೆ. ಅದರ ಹೊಗೆಯ ಬಣ್ಣ ನೋಡಿಯೇ ಒಳಗೆ ಏನಾಗುತ್ತಿದೆ ಎಂದು ಹೇಳುವವನು ಅವನು. ಹೆಂಡತಿ ತುಂಬು ಬಸುರಿ. ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾಳೆ.

"ಅವನದ್ದು ತಪ್ಪಿಲ್ಲ ಸಾರ್. ತೂತು ಕೊರೆದಿದ್ದೀನಿ ಅಂತ ಹುಟ್ಟೋ ಮಗು ಮೇಲೆ ಆಣೆ ಹಾಕಿದ್ದಾನೆ—"

"ಇಲ್ಲ ಅಕ್ಕ." ತಮ್ಮ ಹಿಂದೆಯೇ ನಿಂತಿದ್ದ. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡಿದ್ದ. ಮುಖ ಬಿಳುಚಿತ್ತು. "ನನ್ನದೇ ತಪ್ಪು ಸಾರ್. ಒಂದು ಪೈಪು ಮರೆತೆ. ಬರ್ಕೊಳ್ಳಿ."

ಅಕ್ಕ ದಂಗಾದಳು. "ಏನೋ ಹೇಳ್ತಾ ಇದ್ದೀಯ? ಬೆಳಿಗ್ಗೆ—"

"ಬೆಳಿಗ್ಗೆ ಹೆದರಿ ಸುಳ್ಳು ಹೇಳ್ದೆ."

"ನಾನು ಹೇಳಲಿಲ್ವಾ?" ಅಪ್ಪ ಕುರ್ಚಿಯಿಂದಲೇ ಗುಡುಗಿದರು. "ನಾನು ಕಟ್ಟಿದ ಭಟ್ಟಿ ಹಾಳು ಮಾಡಿದ! ಗೋಡೆ ಮೇಲೆ ಬರೆದಿದ್ದು ಕಣ್ಣಿಗೆ ಕಾಣಲ್ವೇನೋ?"

ತಮ್ಮ ಕೈಗೆ ಸುತ್ತಿದ ಬಟ್ಟೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

ಯಾಕಪ್ಪ ಮಾತ್ರ ಖುಷಿಯಾದ ಹಾಗೆ ಕಂಡ. ಕಣ್ಣು ಮಿನುಗಿದವು. "ಬೆಳಿಗ್ಗೆ ಮಗು ಮೇಲೆ ಆಣೆ ಹಾಕಿದೋನು ಮಧ್ಯಾಹ್ನ ತಾನಾಗೇ ಒಪ್ಕೊಂಡ. ಯಾರೂ ಹೊಡೆದಿಲ್ಲ, ಬಡಿದಿಲ್ಲ. ಯಾಕಪ್ಪ? ನಡುವೆ ಏನು ಮಾಡ್ದೆ ನೀನು?"

"ಟ್ರಾಲಿ ಹೊರಗೆ ಎಳೆದೆ. ಭಟ್ಟಿ ಗುಡಿಸ್ದೆ. ಅಷ್ಟೇ."

"ಒಬ್ಬನೇ?"

"ಒಬ್ಬನೇ."

"ಕೈ ಸುಟ್ಟುಕೊಂಡೋನು ಒಬ್ಬನೇ ಗುಡಿಸ್ದ." ಯಾಕಪ್ಪ ತೋಳು ಮಡಚಿದ. "ಭಲೇ! ಜೋಕಾಲಿ ಎಲ್ಲಾ ಅಂಗಳಕ್ಕೆ ತನ್ನಿ!"

*

ಅಂಗಳದಲ್ಲಿ ಜೋಕಾಲಿಗಳನ್ನು ಸಾಲಾಗಿ ಮಲಗಿಸಿದರು. ಯಾಕಪ್ಪ ಜೇಬಿನಿಂದ ಬೆಂಕಿಕಡ್ಡಿ ತೆಗೆದು ಮಂಡಿಯೂರಿ ಒಂದೊಂದೇ ಪೈಪು ಹೊರಳಿಸಿದ. ತೂತು ಸಿಕ್ಕಿದ ಕೂಡಲೇ ಅದರಲ್ಲಿ ಕಡ್ಡಿ ಚುಚ್ಚಿ ನಿಲ್ಲಿಸಿದ. ಸ್ವಲ್ಪ ಹೊತ್ತಿನಲ್ಲಿ ಅಂಗಳದ ತುಂಬ ಬೆಂಕಿಕಡ್ಡಿಗಳು ನಿಂತವು.

ಒಂದು ಪೈಪೂ ಬಾಕಿ ಉಳಿಯಲಿಲ್ಲ.

"ಅಲ್ರೀ!" ಪ್ಯಾಕಿಂಗಿನವ ಕೂಗಿದ. ಅವನಿಗೆ ಗಂಟುಮೂಟೆ ಅಂತ ಅಡ್ಡಹೆಸರು. "ಎಲ್ಲದಕ್ಕೂ ತೂತಿದೆ! ಒಂದೂ ಒಡೆದಿಲ್ಲ! ಬರೀ ಸೊಟ್ಟಗಾಗಿವೆ!"

"ಹೂಂ. ಹಾಗಾದ್ರೆ ಢಮಾರ್ ಅಂದಿದ್ದು ಯಾವುದು?" ಯಾಕಪ್ಪ ತಮ್ಮನ ಕಡೆ ತಿರುಗಿದ. "ನೀನು ಮರೆತ ಪೈಪು ಯಾವುದು? ತೋರಿಸಪ್ಪ."

ತಮ್ಮ ತುಟಿ ಕಚ್ಚಿದ. ತೋರಿಸಲಿಲ್ಲ. ಅಕ್ಕ ಕಡ್ಡಿಗಳನ್ನೂ ಅವನನ್ನೂ ನೋಡಿದಳು. ಇವನು ತಪ್ಪು ಮಾಡಿಲ್ಲ, ಅದು ಖಚಿತ. ಮತ್ತೆ ಯಾಕೆ ಒಪ್ಪಿಕೊಂಡ?

"ಬೂದಿ ಎಲ್ಲಿ ಸುರಿದೆ?"

ಬೆಳಿಗ್ಗೆಯಷ್ಟೇ ಖಾಲಿ ಮಾಡಿದ್ದ ಮೂಲೆಯ ಡ್ರಮ್ಮು ತೋರಿಸಿದರು. ಯಾಕಪ್ಪ ಅಂಗಿಯ ತೋಳು ಏರಿಸಿ ಕೈ ಹಾಕಿ ಕಲಕಿದ. ಮೇಲೆಲ್ಲ ಇಟ್ಟಿಗೆ ಬಣ್ಣದ ಬೂದಿ. ಆಳದಿಂದ ಒಂದು ಹಿಡಿ ಎತ್ತಿದ — ಅಚ್ಚ ಬಿಳಿ.

"ಚಿಕ್ಕಮ್ಮ, ಕೆಂಪು ಬಣ್ಣ ಸುಟ್ಟರೆ ಬೂದಿ ಹೇಗಿರುತ್ತೆ?"

"ಈ ಕೆಂಪಾದ್ರೆ ಇಟ್ಟಿಗೆ ಪುಡಿ ತರ ಸಾರ್."

"ಬಿಳಿ ಬಣ್ಣ ಸುಟ್ಟರೆ?"

"ಬಿಳೀನೇ ಉಳಿಯುತ್ತೆ. ಆದ್ರೆ ಇವತ್ತು ಬಿಳಿ ಸಾಮಾನು ಒಂದೂ ಇರಲಿಲ್ವಲ್ಲ..." ಹೇಳುತ್ತ ಹೇಳುತ್ತ ಚಿಕ್ಕಮ್ಮನ ದನಿ ಸಣ್ಣಗಾಯಿತು. ಅವಳು ಗಂಟುಮೂಟೆಯನ್ನು ನೋಡಿದಳು. ಗಂಟುಮೂಟೆ ಆಕಾಶ ನೋಡಿದ.

ಯಾಕಪ್ಪನಿಗೆ ಅಷ್ಟು ಸಾಕಾಯಿತು. "ಮನೆ ಸಾಮಾನು! ಅಲ್ವಾ? ಯಾರ್ಯಾರು ಮನೆ ಸಾಮಾನು ಈ ಭಟ್ಟಿಗೆ ಹಾಕ್ತೀರಿ? ನಿಜ ಹೇಳಿದೋರಿಗೆ ಏನೂ ಮಾಡಲ್ಲ."

ಚಿಕ್ಕಮ್ಮ ಸೆರಗು ತಿರುಚುತ್ತ, ತನ್ನ ಮನೆಯ ಕಿಟಕಿಯ ಸರಳುಗಳನ್ನು ಒಂದು ಸಲ ಹಾಕಿದ್ದೆ ಎಂದಳು. ಗಂಟುಮೂಟೆ ಸೈಕಲ್ಲಿನ ಕ್ಯಾರಿಯರ್ ಹಾಕಿದ್ದ. ಭಾವನ ಸೈಕಲ್ಲಿನದ್ದೂ ಹಾಕಿದ್ದ. ಅತ್ತೆಯ ಹೊಲಿಗೆ ಮಿಷನ್ನಿನ ಕಾಲೂ ಹಾಕಿದ್ದ. ಅವನ ಬಂಧುಬಳಗದ ಅರ್ಧ ಕಬ್ಬಿಣ ಈ ಭಟ್ಟಿಯಲ್ಲೇ ಮಿಂದು ಹೋಗಿತ್ತು. ಭಟ್ಟಿ ಹೇಗೂ ಉರಿಯುತ್ತದಲ್ಲ, ಒಂದು ಮೂಲೆಯಲ್ಲಿ ನಮ್ಮದೂ ಒಂದು ಇರಲಿ — ಅದು ಆ ಶೆಡ್ಡಿನ ಹೇಳದ ರೂಢಿ. ಒಡತಿಗೊಬ್ಬಳಿಗೆ ಗೊತ್ತಿರಲಿಲ್ಲ.

"ಆದ್ರೆ ಇವತ್ತು ಇಲ್ಲ! ಇವತ್ತು ಖಂಡಿತ ಇಲ್ಲ ಸಾರ್! ನಾವಿಬ್ಬರೂ ಬೆಳಿಗ್ಗೆಯಿಂದ ಗೇಟಿನ ಹತ್ರ ಲಾರಿ ತುಂಬಿಸ್ತಾ ಇದ್ವಿ! ಅಕ್ಕನೇ ನಿಂತು ನೋಡ್ತಾ ಇದ್ರು!"

ಅದು ನಿಜ. ಲಾರಿ ಹೊರಡುವವರೆಗೂ ಅಕ್ಕ ಅವರ ತಲೆಯ ಮೇಲೇ ನಿಂತಿದ್ದಳು.

ಅಕ್ಕ ಅಪ್ಪನ ಕಡೆ ನೋಡಿದಳು. ಈಗ ಆಕಾಶ ಭೂಮಿ ಒಂದಾಗುವಂತೆ ಕೂಗಾಡಬೇಕಾಗಿತ್ತು. ನನ್ನ ಭಟ್ಟಿಯಲ್ಲಿ ನಿಮ್ಮತ್ತೆಯ ಮಿಷನ್ನಾ ಅನ್ನಬೇಕಾಗಿತ್ತು. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

"ಬೂದಿ ಸಿಕ್ತು," ಯಾಕಪ್ಪ ಎದ್ದು ಕೈ ಕೊಡವಿದ. "ಬಣ್ಣ ಬೂದಿಯಾಗುತ್ತೆ, ಕಬ್ಬಿಣ ಆಗಲ್ಲ. ಒಡೆದ ಪೈಪು ಎಲ್ಲಿಗೆ ಹೋಯ್ತು? ಗುಡಿಸಿದೋನಿಗೇ ಗೊತ್ತಿರಬೇಕು. ನಿನ್ನ ಬೀರು ತೆಗೆಯಪ್ಪ."

"ಅದರಲ್ಲಿ ಏನಿಲ್ಲ ಸಾರ್."

"ಏನಿಲ್ಲದಿದ್ರೆ ತೆಗೆಯೋಕೇನು?"

"ತಪ್ಪು ಒಪ್ಕೊಂಡೆನಲ್ಲ! ಇನ್ನೇನು ಬೇಕು ನಿಮಗೆ?" ತಮ್ಮನ ದನಿ ಒಡೆಯಿತು. "ಬರ್ಕೊಂಡು ಹೋಗಿ ಸಾರ್, ಕೈ ಮುಗಿತೀನಿ!"

ಅಕ್ಕ ಮುಂದೆ ಬಂದು ಕೈ ಚಾಚಿದಳು. "ಬೀಗದ ಕೈ ಕೊಡು ತಮ್ಮಾ."

ಹುಟ್ಟಿದಾಗಿನಿಂದ ಅವನು ಅಕ್ಕನ ಆ ದನಿಗೆ ಇಲ್ಲ ಅಂದವನಲ್ಲ. ಕೊಟ್ಟ.

ಬೀರುವಿನ ತಳದಲ್ಲಿ, ಟವಲಿನೊಳಗೆ ಸುತ್ತಿದ ಎರಡು ಪೈಪುಗಳಿದ್ದವು. ಎರಡೂ ಬಿಲ್ಲಿನ ಹಾಗೆ ಬಾಗಿದ್ದವು. ಒಂದು ಇಡಿಯಾಗಿತ್ತು. ಇನ್ನೊಂದು ಒಣಗಿದ ಅವರೆಕಾಯಿಯಂತೆ ಉದ್ದಕ್ಕೂ ಸೀಳಿತ್ತು. ಸಂದುಗಳಲ್ಲಿ ಬಿಳಿ ಬೂದಿ.

"ಇದ್ಯಾವ ಪೈಪು?" ಗಂಟುಮೂಟೆ ಕೇಳಿದ. "ಇಂಥ ಸಾಮಾನು ನಾನು ಪ್ಯಾಕೇ ಮಾಡಿಲ್ಲ."

ಯಾಕಪ್ಪ ಇಡಿಯಾಗಿದ್ದ ಪೈಪನ್ನು ಬಾಗಿದ ಬೆನ್ನು ಕೆಳಗಾಗುವಂತೆ ನೆಲದ ಮೇಲೆ ಇಟ್ಟು, ಬೀಳದಂತೆ ಒಂದು ಕೈ ಆನಿಸಿ, ಇನ್ನೊಂದು ಕೈಯ ಬೆರಳಿನಿಂದ ತುದಿ ಒತ್ತಿ ಬಿಟ್ಟ.

ಪೈಪು ತೂಗಿತು. ಆ ಕಡೆ, ಈ ಕಡೆ.

ಆ ತೂಗು ಅಕ್ಕನಿಗೆ ಗೊತ್ತಿತ್ತು. ಅವಳು ಮಲಗಿದ್ದು ಅದರಲ್ಲಿ. ತಮ್ಮ ಮಲಗಿದ್ದೂ ಅದರಲ್ಲಿ.

"ತೊಟ್ಟಿಲು," ಅಂದಳು. "ನಮ್ಮ ಮನೆ ತೊಟ್ಟಿಲಿನ ಕಾಲು."

ಎಲ್ಲರ ಕಣ್ಣೂ ತಮ್ಮನ ಮೇಲೆ ಹೋದವು. ಹೆಂಡತಿ ಬಸುರಿ. ತೊಟ್ಟಿಲು ಬೇಕಾಗಿರುವುದು ಇನ್ಯಾರಿಗೆ? ಚಿಕ್ಕಮ್ಮ ಲೊಚಗುಟ್ಟಿದಳು. ಅಕ್ಕನಿಗೂ ಹಾಗೇ ಅನ್ನಿಸಿತು. ಅಂದರೆ ಇವನೇ. ತನ್ನ ತೊಟ್ಟಿಲಿಗೆ ತೂತು ಕೊರೆಯುವುದು ಮರೆತು, ಹೆದರಿ, ಒಡೆದ ಪೈಪನ್ನು ಬಚ್ಚಿಟ್ಟ. ಆಣೆ ಹಾಕಿದ್ದು ಜೋಕಾಲಿಯ ಲೆಕ್ಕಕ್ಕೆ. ಎಲ್ಲವೂ ಸರಿಹೊಂದಿತು.

"ಹೌದು," ತಮ್ಮ ಬೇಗ ಬೇಗ ಹೇಳಿದ. "ನಾನೇ ಹಾಕಿದ್ದು. ಹೊಸ ಬಣ್ಣ ಬಳಿಯೋಣ ಅಂತ. ಮುಗೀತಲ್ಲ ಸಾರ್?"

"ಎಲ್ಲಿಂದ ತಂದೆ ತೊಟ್ಟಿಲನ್ನ?"

"ಅಪ್ಪನ ಮನೆ... ಅಟ್ಟದಿಂದ."

"ಅಟ್ಟದಿಂದ." ಯಾಕಪ್ಪ ಸೀಳಿದ ಪೈಪಿನ ಒಳಗೆ ಬೆರಳು ಆಡಿಸಿ ಎತ್ತಿ ತೋರಿಸಿದ. ಬೆರಳಿನ ತುಂಬ ತುಕ್ಕಿನ ಹಳುಕು. "ಅಟ್ಟದಲ್ಲಿ ಒಣಗಿದ ಪೈಪಿನ ಒಳಗೆ ಇಷ್ಟು ತುಕ್ಕು ಯಾಕಪ್ಪ? ಇದು ವರ್ಷಗಟ್ಟಲೆ ನೀರು ಬೀಳೋ ಜಾಗದಲ್ಲಿ ಇತ್ತು. ತೊಟ್ಟಿಲು ಎಲ್ಲಿತ್ತು ಅಂತಾನೇ ನಿನಗೆ ಗೊತ್ತಿಲ್ಲ. ನೀನು ತಂದಿಲ್ಲ, ನೀನು ಹಾಕೂ ಇಲ್ಲ. ಗುಡಿಸುವಾಗ ಇದನ್ನ ನೋಡ್ದೆ. ಯಾರದ್ದು ಅಂತ ತಕ್ಷಣ ಗೊತ್ತಾಯ್ತು. ಅವರನ್ನ ಉಳಿಸೋಕೆ ತಪ್ಪು ಮೈಮೇಲೆ ಎಳ್ಕೊಂಡೆ."

ತಮ್ಮ ಗೋಡೆ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿತ್ತು.

"ಯಾರನ್ನ?" ಅಕ್ಕ ಕೇಳಿದಳು. ಕೇಳುವಷ್ಟರಲ್ಲಿ ಅವಳಿಗೂ ಗೊತ್ತಾಗತೊಡಗಿತ್ತು. "ಸಾರ್, ಯಾರನ್ನ?"

*

"ಬೆಳಿಗ್ಗೆಯಿಂದ ನೀವೆಲ್ಲ ಒಂದೇ ಮಾತು ಹೇಳ್ತಾ ಇದ್ದೀರಿ," ಯಾಕಪ್ಪ ಶೆಡ್ಡಿನ ನಡುವೆ ನಿಂತು ಹೇಳಿದ. "ಯಜಮಾನರ ಆಯಸ್ಸು ಗಟ್ಟಿ. ಕುರ್ಚಿ ಅಲ್ಲಿರಲಿಲ್ಲ, ಬದುಕಿಕೊಂಡ್ರು. ಗೇಟಿನ ಕಾವಲಿನವನೂ ಅದೇ ಅಂದ. ಆದ್ರೆ ಕುರ್ಚಿ ಯಾಕಪ್ಪ ಅಲ್ಲಿರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ."

ಚಿಕ್ಕಮ್ಮ, ಗಂಟುಮೂಟೆ ಇಬ್ಬರೂ ಒಟ್ಟಿಗೇ ಕುರ್ಚಿಯ ಕಡೆ ತಿರುಗಿದರು.

"ಮಂಡಿ ನೋವಿನ ಮನುಷ್ಯ ದಿನಾ ಭಟ್ಟಿ ಎದುರಿಗೆ ಕಾವಿಗೆ ಕೂರ್ತಾರೆ. ಇವತ್ತು ಬೆಳಿಗ್ಗೆ ಮೈ ನಡುಗೋ ಚಳಿ. ಇವತ್ತೇ ಕುರ್ಚಿ ಎಳ್ಕೊಂಡು ತಣ್ಣಗಿರೋ ಮೂಲೆಗೆ ಹೋಗ್ತಾರಾ? ಅದೂ ಎಂಥ ಕುರ್ಚಿ!" ಅವನು ಅಪ್ಪನ ಕುರ್ಚಿಯ ತೋಳು ಹಿಡಿದು ಅಲುಗಿಸಲು ನೋಡಿದ. ಕುರ್ಚಿ ಜಪ್ಪಯ್ಯ ಅನ್ನಲಿಲ್ಲ. "ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಬರೀ ಕಬ್ಬಿಣದ ಮೇಲೆ ಕೂತಿದ್ದೀರಲ್ಲ. ನಿಮ್ಮ ಗಾದಿ ಎಲ್ಲಿ?"

"ಅಯ್ಯೋ!" ಚಿಕ್ಕಮ್ಮ ಬಾಯಿ ಮೇಲೆ ಕೈ ಇಟ್ಟಳು. "ಕೊಕ್ಕೇಲಿ ಇದ್ದಿದ್ದು ಅದೇ ಗಾದಿ!"

"ಗಾದಿ ಕೊಕ್ಕೆಗೆ ಸಿಗಿಸೋದು ಯಾವಾಗ? ಕುರ್ಚಿ ಮೇಲೆ ಕೂರೋಕಲ್ಲ, ನಿಲ್ಲೋಕೆ ಅಂದಾಗ. ಚೊಕ್ಕಟದ ಮನುಷ್ಯ, ಗಾದಿ ತುಳಿಯೋಕೆ ಮನಸ್ಸು ಬರಲಿಲ್ಲ. ತಮ್ಮ ಚಹಾಕ್ಕೆ ಹೋದ. ಟ್ರಾಲಿ ತುಂಬಿ ನಿಂತಿತ್ತು. ಯಜಮಾನ್ರು ಕುರ್ಚಿ ಟ್ರಾಲಿ ಪಕ್ಕಕ್ಕೆ ಎಳೆದ್ರು, ಮೇಲೆ ಹತ್ತಿದ್ರು, ಸೀಟುಗಳ ಹಿಂದೆ ಮೇಲಿನ ಸಾಲಿನಲ್ಲಿ ತೊಟ್ಟಿಲಿನಿಂದ ಬಿಚ್ಚಿ ತಂದ ಕಾಲು ನೇತುಹಾಕಿದ್ರು. ಇಳಿಯೋ ಹೊತ್ತಿಗೆ ಮಂಡಿ ಕೈಕೊಟ್ಟಿತು. ಕುರ್ಚಿ ವಾಪಸ್ ಎಳೆಯೋ ತ್ರಾಣ ಇರಲಿಲ್ಲ. ಅಲ್ಲೇ ಕೂತುಬಿಟ್ರು. ಆ ತೊಟ್ಟಿಲೇ ಒಡೀತು, ಆ ತೊಟ್ಟಿಲೇ ಇವರನ್ನ ಬಾಗಿಲ ಎದುರಿನಿಂದ ಎಬ್ಬಿಸಿ ಉಳಿಸ್ತು." ಯಾಕಪ್ಪನ ದನಿ ಮೆತ್ತಗಾಯಿತು. "ಯಜಮಾನ್ರೇ, ಭಟ್ಟಿಗೆ ಅದನ್ನ ಹಾಕಿದ್ದು ನೀವು."

ಅಪ್ಪ ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಹಾಕಿದೆ! ಹೌದು, ಹಾಕಿದೆ! ಮೊಮ್ಮಗು ಬರುತ್ತಲ್ಲ, ಹೊಸದು ಮಾಡಿ ಇಟ್ಟುಬಿಡೋಣ, ಯಾರಿಗೂ ಹೇಳೋದು ಬೇಡ ಅಂತ! ಆದ್ರೆ ಅದು ಹೇಗೆ ಒಡೆಯುತ್ತೆ? ನಾನೇ ಬಗ್ಗಿಸಿದ ಪೈಪು. ಎರಡು ತುದೀನೂ ತೆರೆದೇ ಇದ್ವು! ಒಡೆದದ್ದು ಇವನ ಜೋಕಾಲಿ ಅಂತಾನೇ ನಾನು ಇಷ್ಟು ಹೊತ್ತು—"

"ತುದಿ ನೋಡಿ."

ಅಪ್ಪ ಕನ್ನಡಕ ಹಾಕಿಕೊಂಡು ಸೀಳಿದ ಪೈಪನ್ನು ಎತ್ತಿದರು. ತುದಿಯಲ್ಲಿ ಒಂದು ಸಣ್ಣ ತಗಡಿನ ಬಿಲ್ಲೆ, ಸುತ್ತ ಬೆಸುಗೆ. ಅವರ ಹೆಬ್ಬೆರಳು ಆ ಬೆಸುಗೆಯ ಉಬ್ಬುಗಳ ಮೇಲೆ ಹೋಯಿತು, ನಿಂತಿತು. ಕೈಬರಹ ಗುರುತಿಸಿದ ಹಾಗೆ ಅವರು ಅದನ್ನು ಗುರುತಿಸಿದರು.

"ಇದು ನನ್ನದೇ ಬೆಸುಗೆ," ಅಂದರು ಮೆಲ್ಲಗೆ. "ನಾನೇ ಮುಚ್ಚಿದ್ದೀನಿ. ಯಾವಾಗ? ಯಾಕೆ ಮುಚ್ಚಿದೆ?"

"ಬಳಿದ ಬಣ್ಣದ ಅಡಿಯಲ್ಲಿ ಬೆಸುಗೆ ಕಾಣಲ್ಲ, ಮರೆತುಹೋಗುತ್ತೆ," ಯಾಕಪ್ಪ ಹೇಳಿದ. "ಒಂದು ಸೂಜಿ ತೂತಿನಷ್ಟು ಬಿರುಕು ಉಳಿದಿರುತ್ತೆ. ನೀರು ಒಳಗೆ ಇಳಿಯುತ್ತೆ. ಆಮೇಲೆ ತುಕ್ಕು ಆ ಬಿರುಕನ್ನೂ ಮುಚ್ಚುತ್ತೆ. ತೊಟ್ಟಿಲು ಎಲ್ಲಿಟ್ಟಿದ್ರಿ?"

"ಹಿತ್ತಲಲ್ಲಿ... ನಲ್ಲಿ ಪಕ್ಕ."

"ನೋಡಿ. ಇನ್ನೊಂದು ಕಾಲಿನ ಬೆಸುಗೆ ತಾನಾಗೇ ಬಾಯಿ ಬಿಟ್ಟಿತ್ತು, ಉಳ್ಕೊಳ್ತು."

"ಆದ್ರೆ ಯಾಕೆ ಮುಚ್ಚಿದೆ ನಾನು?" ಅಪ್ಪನಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. "ತೊಟ್ಟಿಲಿಗೆ ತುದಿ ಮುಚ್ಚೋ ಕೆಲಸ ಏನಿತ್ತು?"

ಅಕ್ಕನ ಕೈ ತಾನಾಗಿ ಜೇಬಿಗೆ ಹೋಯಿತು. ಅಲ್ಲಿದ್ದ ಗುಂಡು ಬೆರಳಿಗೆ ಸಿಕ್ಕಿತು. ಬೇರಿಂಗಿನ ಗುಂಡು ಇಷ್ಟು ಹಗುರ ಇರುತ್ತದೆಯೇ? ಹೊರತೆಗೆದು ಸೀರೆಯ ಸೆರಗಿಗೆ ಉಜ್ಜಿದಳು. ಮಸಿ ಹೋಯಿತು.

ನೀಲಿ. ಗಾಜಿನ ಗೋಲಿ. ಕಾದು ಒಮ್ಮೆಲೇ ನೀರು ಬಿದ್ದದ್ದಕ್ಕೆ ಒಳಗೆಲ್ಲ ಬಿರುಕು ಬಿಟ್ಟಿತ್ತು. ಒಡೆದಿರಲಿಲ್ಲ. ಬೆಳಕಿಗೆ ಹಿಡಿದರೆ ಫಳಫಳ ಅನ್ನುತ್ತಿತ್ತು.

"ಅಪ್ಪ," ಅಂದಳು. "ನಾನು ಹಾಕಿದ್ದು ಇದು. ತಮ್ಮ ಸಿಕ್ಕಾಪಟ್ಟೆ ಅಳ್ತಿದ್ದ. ತೊಟ್ಟಿಲಿನ ಪೈಪಿನೊಳಗೆ ನನ್ನ ಗೋಲಿ ಹಾಕಿ ತೂಗಿದೆ. ಗುಳು ಗುಳು ಅಂತ ಆ ಕಡೆಯಿಂದ ಈ ಕಡೆ ಉರುಳ್ತಿತ್ತು. ಆ ಸದ್ದಿಗೆ ಮಲಗಿಬಿಟ್ಟ. ಆಮೇಲೆ ಅದಿಲ್ಲದೆ ಮಲಗ್ತಾನೇ ಇರಲಿಲ್ಲ..."

ಅಪ್ಪನ ಕಣ್ಣು ಅಗಲವಾದವು. "ಗೋಲಿ ಆಚೆ ಬಿದ್ದು ಇವನು ಎಲ್ಲಿ ನುಂಗಿಬಿಡ್ತಾನೋ ಅಂತ—"

"ಅಂತ ನೀವು ತುದಿ ಮುಚ್ಚಿದ್ರಿ. ಒಂದು ಕಾಲು ಮುಚ್ಚಿದೋರು ಎರಡೂ ಕಾಲು ಮುಚ್ಚಿದ್ರಿ," ಅಕ್ಕ ಮುಗಿಸಿದಳು.

ಅಪ್ಪ ಮಗನ ಹತ್ತಿರ ನಡೆದರು. ಮಂಡಿ ನೋವು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಸುಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೆಳಿಗ್ಗೆ ಕೇಳಬೇಕಾಗಿದ್ದ ಮಾತನ್ನು ಈಗ ಕೇಳಿದರು.

"ತುಂಬಾ ಉರಿಯುತ್ತೇನೋ?"

"ಇಲ್ಲ ಅಪ್ಪ."

"ಬೆಳಿಗ್ಗೆಯಿಂದ ಬಾಯಿಗೆ ಬಂದ ಹಾಗೆ ಅಂದೆ. ನೀನು ನನಗೋಸ್ಕರ ಸುಮ್ಮನಿದ್ದೆ." ಅಪ್ಪ ಅತ್ತರು. ಅಕ್ಕ ಅಪ್ಪ ಅತ್ತದ್ದನ್ನು ನೋಡಿದ್ದು ಅಮ್ಮ ಹೋದ ದಿನ ಬಿಟ್ಟರೆ ಇವತ್ತೇ. "ತಪ್ಪು ನನ್ನದು ಕಣೋ. ಎಲ್ಲರೆದುರಿಗೆ ಹೇಳ್ತಾ ಇದ್ದೀನಿ. ಬರ್ಕೊಳ್ಳಿ ಸಾರ್, ನನ್ನ ಹೆಸರೇ ಬರ್ಕೊಳ್ಳಿ."

ಚಿಕ್ಕಮ್ಮ ಗೊಳೋ ಅಂದಳು. ಗಂಟುಮೂಟೆ ಮೂಗು ಒರೆಸಿಕೊಂಡು, ಹೊಗೆ ಹೊಗೆ ಅಂತ ಗೊಣಗಿದ. ಹೊಗೆ ನಿಂತು ಎಷ್ಟೋ ಹೊತ್ತಾಗಿತ್ತು.

"ಬರ್ಕೊಳ್ತೀನಿ," ಯಾಕಪ್ಪ ಕೆಮ್ಮಿದ. "ಭಟ್ಟಿಯವನದ್ದು ಒಂದೇ ತಪ್ಪು. ಚಹಾ ಕುಡಿದು ಬಂದ ಮೇಲೆ ಟ್ರಾಲಿಯನ್ನ ಸುತ್ತು ಹಾಕಿ ಮತ್ತೊಮ್ಮೆ ನೋಡಲಿಲ್ಲ. ಇನ್ಮೇಲೆ ನೋಡ್ತಾನೆ. ಭಟ್ಟಿ ಅವನ ಕೈಯಲ್ಲೇ ಇರಲಿ. ಹೊಸ ಬಾಗಿಲಿನ ಖರ್ಚು ಮಾತ್ರ ನಿಮ್ಮದೇ ಅಕ್ಕಾವ್ರೇ. ಮನೆ ಸಾಮಾನಿಗೆ ವಿಮೆ ಇಲ್ಲ."

ಅಕ್ಕನಿಗೆ ಬಾಗಿಲಿನ ಚಿಂತೆಯೇ ಬರಲಿಲ್ಲ. ಭಟ್ಟಿ ತಮ್ಮನ ಕೈಯಲ್ಲೇ! ಅವಳಿಗೆ ಕೂಗಬೇಕು ಅನ್ನಿಸಿತು, ಕುಣಿಯಬೇಕು ಅನ್ನಿಸಿತು. ಅದರ ಬದಲು ಹೋಗಿ ಅಪ್ಪನ ಕುರ್ಚಿಗೆ ಎರಡೂ ಕೈ ಹಾಕಿ, ಗಂಟುಮೂಟೆಯನ್ನೂ ಕರೆದು, ಕರಕರ ಎಳೆದು, ಹಳದಿ ಗೆರೆಯ ಈಚೆ ತಂದು ಕುಕ್ಕಿದಳು. ಗಾದಿ ಹಾಕಿದಳು.

"ಇನ್ಮೇಲೆ ನಿಮ್ಮ ಜಾಗ ಇದು. ಒಂದು ಗೇಣು ಆಚೆ ಹೋದ್ರೆ ಕುರ್ಚೀನೇ ಭಟ್ಟಿಗೆ ಹಾಕ್ತೀನಿ. ಇನ್ನು ಮನೆ ಸಾಮಾನು ತರೋರು ಹಾಡುಹಗಲೇ ನನಗೆ ತೋರಿಸಿ ತನ್ನಿ, ಕದ್ದುಮುಚ್ಚಿ ಬೇಡ. ಗಂಟುಮೂಟೆ, ಅರ್ಥ ಆಯ್ತಾ?"

"ಮಾವನ ಮಂಚ ಒಂದು ಬಾಕಿ ಇತ್ತು ಅಕ್ಕ..."

ಎಲ್ಲರೂ ಗೊಳ್ಳೆಂದು ನಕ್ಕರು. ಯಾಕಪ್ಪನ ಹೊಟ್ಟೆಯೂ ಕುಲುಕಿತು.

ಅಪ್ಪ ಮಾತು ಕೇಳುವ ಮಗುವಿನಂತೆ ಹೊಸ ಜಾಗದಲ್ಲಿ ಕೂತರು. ಉಳಿದ ತೊಟ್ಟಿಲಿನ ಕಾಲು ಮಡಿಲಲ್ಲಿತ್ತು. ಅಕ್ಕನ ಅಂಗೈಯಿಂದ ಗೋಲಿ ತೆಗೆದುಕೊಂಡು ಹೊರಳಿಸಿ ನೋಡಿದರು. ಆಮೇಲೆ ಮುಖ ಎತ್ತಿದರು. ಹಳೆಯ ಯಜಮಾನರ ಹುರುಪು ಮರಳಿತ್ತು.

"ಲೋ, ಇದಕ್ಕೆ ಜೋಡಿ ಇನ್ನೊಂದು ಕಾಲು ನಾನೇ ಬಗ್ಗಿಸಿ ಕೊಡ್ತೀನಿ. ಈ ಗೋಲಿ ಅದರೊಳಗೇ ಹಾಕೋಣ. ನಿನ್ನ ಮಗೂನೂ ಇದರ ಸದ್ದಿಗೇ ಮಲಗಲಿ. ತುದಿ ಮುಚ್ಚಿ ಗಟ್ಟಿಯಾಗಿ ಬೆಸುಗೆ ಹಾಕಿಬಿಡ್ತೀನಿ, ಏನಂತೀಯ?"

"ಹಾಕಿ ಅಪ್ಪ," ಅಂದ ತಮ್ಮ. ಒಳ್ಳೆಯ ಕೈಯಲ್ಲಿ ಡ್ರಿಲ್ ಮಿಷನ್ ಎತ್ತಿಕೊಂಡಾಗಿತ್ತು. ಗೋಡೆಯ ಕಡೆ ಗಲ್ಲ ತೋರಿಸಿ ನಕ್ಕ.

"ಮೊದಲು ತೂತು."